ಬಿಳಿ ಉಡುಪಿಗೆ ಒಪ್ಪುವ ಗಾಜು

ಜೂನ್ ೧೪, ಶನಿವಾರ

ಹೊಸ ಚರ್ಚಿನ ಕಿಟಕಿಗೆ ಯಾವ ಗಾಜು? ವಾರದಿಂದ ತಲೆ ತಿನ್ನುತ್ತಿದ್ದ ಪ್ರಶ್ನೆ ಇವತ್ತು ಇಸ್ತ್ರಿ ಮೇಜಿನ ಮೇಲೆ ಬಗೆಹರಿಯಿತು!

ತಿಳಿಹಸಿರು ಗಾಜು ಬಿಸಿಲು ತಡೆಯುತ್ತದೆಂದು ಸಮಿತಿಯವರು ನಿನ್ನೆ ಹೇಗೋ ಒಪ್ಪಿದ್ದರು. ಕಟ್ಟಡದ ಉಸ್ತುವಾರಿ ಹೊತ್ತ ನಾನೂ ತಲೆಯಾಡಿಸಿದ್ದೆ. ಸೋಮವಾರ ರಾಜಧಾನಿ ಅಪಿಯಾದ ಅಂಗಡಿಗೆ ಆರ್ಡರ್ ಹೋಗುವುದಿತ್ತು.

ಸಂಜೆ ಫುವಾತಿನೊ ಚಿಕ್ಕಮ್ಮ ನಾಳೆಯ ಪ್ರಾರ್ಥನೆಗೆಂದು ತನ್ನ ಬಿಳಿ ಉಡುಪು ಇಸ್ತ್ರಿ ಮಾಡುತ್ತಿದ್ದಳು. ತೋರಿಸೋಣವೆಂದು ಆ ಹಸಿರು ಗಾಜಿನ ಮಾದರಿ ತುಂಡನ್ನು ಬಿಸಿಲಿಗೆ ಹಿಡಿದೆ. ಅದರ ಬೆಳಕು ಉಡುಪಿನ ಮೇಲೆ ಬಿತ್ತು.

"ಅಯ್ಯೋ, ಪಾಚಿ ಕಟ್ಟಿದ ಹಾಗಿದೆಯಲ್ಲೇ! ಊರಿಗೆ ಊರೇ ಬಿಳಿ ಉಟ್ಕೊಂಡು ಹೋಗೋದು ಎಳೇ ದೀವಿಹಲಸಿನ ಥರ ಕಾಣೋಕಾ?"

ಇದು ನಮಗ್ಯಾರಿಗೂ ಹೊಳೆದಿರಲಿಲ್ಲ! ಓಡಿಹೋಗಿ ಸಮಿತಿಯ ಹಿರಿಯ ಗಾಲುವಾವೊ ಅವರನ್ನು ಕರೆತಂದೆ.

"ದೇವರು ಬಣ್ಣ ನೋಡ್ತಾನೇನಮ್ಮಾ?" ಎಂದರು.

"ದೇವರು ನೋಡಲ್ಲ, ಯಜಮಾನ್ರೇ. ನಿಮ್ಮ ಹೆಂಡ್ತಿ ನೋಡ್ತಾರೆ," ಎಂದಳು ಚಿಕ್ಕಮ್ಮ.

ಅವರು ತಮ್ಮ ಬಿಳಿ ಅಂಗಿಯ ತೋಳನ್ನು ಗಾಜಿನ ಕೆಳಗೆ ಚಾಚಿದರು, ನೋಡಿದರು, ಥಟ್ಟನೆ ಎಳೆದುಕೊಂಡರು. "ಬೇಡ. ಆರ್ಡರಲ್ಲಿ ಬೇರೆ ಗಾಜು ಬರಿ."

ಬರೆದೆ! ಬಣ್ಣವೇ ಇಲ್ಲದ ಎರಡು ಪದರದ ಗಾಜು, ಚಂಡಮಾರುತಕ್ಕೆ ಒಡೆದರೂ ಚೂರು ಉದುರದಂಥದ್ದು. ಬಿಸಿಲನ್ನು ಸೂರು ತಡೆಯಲಿ, ಅದನ್ನೇ ಎರಡು ಮೊಳ ಮುಂದಕ್ಕೆ ಚಾಚುತ್ತೇನೆ. ಮುನ್ನೂರು ಬಿಳಿ ಉಡುಪು, ಬಿಳಿ ಟೋಪಿ, ಅವುಗಳ ಮೇಲೆ ಕಡಲ ಕಡೆಯ ಅಪ್ಪಟ ಬೆಳಕು! ಕಣ್ಣು ಮುಚ್ಚಿದರೂ ಅದೇ ಕಾಣುತ್ತಿದೆ, ನಿದ್ದೆ ಎಲ್ಲಿಯದು.

ಆದರೆ ಅಂಥ ಗಾಜು ಯಾವ ಕಲೆಯನ್ನೂ ಮುಚ್ಚಿಡುವುದಿಲ್ಲ. ನಾಳೆ ಉಡಬೇಕಾದ ನನ್ನ ಬಿಳಿ ಉಡುಪಿನ ತೋಳಿನಲ್ಲಿ ಸಿಮೆಂಟಿನ ಕಲೆಯಿದೆ. ಏಳಬೇಕು, ಒಗೆಯಬೇಕು, ಈಗಲೇ!