ಚರಗ ಪ್ಯಾಕೆಟ್ಟಿನಲ್ಲಿ ಸಿಗುವ ಊರು

ಮನಗೂಳಿ
ರವಿವಾರ, ೧೨ ಜನವರಿ ೨೦೨೫

ಸಕಲಗುಣಸಂಪನ್ನರೂ ಐರ್ಲೆಂಡ್ ದೇಶದ ರೋಗಿಗಳ ಪಾಲಿನ ಆಪದ್ಬಾಂಧವರೂ ಆದ ನನ್ನ ಪ್ರೀತಿಯ ಯಜಮಾನರಿಗೆ, ನಿಮ್ಮ ವಿದ್ಯಾವತಿ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಮಾಡುವ ಸಾಷ್ಟಾಂಗ ನಮಸ್ಕಾರ. ಕುಳಿತು ಸಾಷ್ಟಾಂಗ ಹೇಗೆ ಎಂದು ಕೇಳಬೇಡಿ, ಸದ್ಯಕ್ಕೆ ಸ್ವೀಕರಿಸಿ.

ನೆಗಡಿ ಇಳಿಯಿತೆ? ರಾತ್ರಿ ಪಾಳಿ ಮುಗಿಸಿ ಬಂದವರು ಬರೀ ಬ್ರೆಡ್ಡು ತಿಂದು ಮಲಗುತ್ತೀರೆಂದು ನಿಮ್ಮ ಮುಖವೇ ವಿಡಿಯೋದಲ್ಲಿ ಹೇಳುತ್ತದೆ. ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಕೊಳ್ಳಿ, ಚೆಂದ ಕಾಣದಿದ್ದರೂ ಅಡ್ಡಿಯಿಲ್ಲ, ಅಲ್ಲಿ ನೋಡುವವರು ಯಾರೂ ನಮ್ಮವರಲ್ಲ. ಇಲ್ಲಿ ಮಾವ ಆರಾಮ. ಅತ್ತೆಯ ಮೊಣಕಾಲು ಚಳಿಗೆ ಜಗಳ ತೆಗೆದಿದೆ, ಆದರೆ ಅವರ ನಾಲಿಗೆಗೆ ಯಾವ ಬೇನೆಯೂ ಇಲ್ಲ. ನಾನು ಆರಾಮ ಎಂದು ಬರೆಯಬೇಕು. ಬರೆಯಲು ಕೈ ಬರುತ್ತಿಲ್ಲ.

ಫೋನು ಬಿಟ್ಟು ಈ ಕಾಲದಲ್ಲಿ ಕಾಗದ ಬರೆದು, ಅದರ ಫೋಟೋ ತೆಗೆದು ಕಳಿಸುವ ಹುಚ್ಚು ಯಾಕೆಂದರೆ, ನನ್ನ ದನಿ ಕಿವಿಗೆ ಬಿದ್ದ ಕೂಡಲೇ ನೀವು ನಗಲು ಶುರು ಮಾಡುತ್ತೀರಿ. ಸ್ಪೀಕರಿನ ಸುತ್ತ ಕುಳಿತ ನಿಮ್ಮ ಅಪ್ಪ ಅವ್ವ ನಿಮಗಿಂತ ಮುಂಚೆ ನಗುತ್ತಾರೆ. ತಪ್ಪು ನಿಮ್ಮದಲ್ಲ. ನಿಮ್ಮಲ್ಲಿಗೆ ಬರಲು ನನ್ನ ವೀಸಾ ಬಂದ ದಿನ ಮುಖ ಇಳಿಬಿಟ್ಟುಕೊಂಡು ಬಂದು "ರಿಜೆಕ್ಟ್ ಆತ್ರಿ" ಎಂದವಳು ನಾನೇ. ಅಂಥವಳ ಗಂಭೀರ ಮಾತಿಗೆ ಈ ಮನೆಯಲ್ಲಿ ಚಲಾವಣೆ ಇಲ್ಲ. ಕಾಗದದ ಮೇಲೆ ನನ್ನ ಮುಖ ಕಾಣುವುದಿಲ್ಲವಲ್ಲ, ಅದೊಂದೇ ಧೈರ್ಯ.

ಈಗ ಹಣಕಾಸು ಖಾತೆಯ ವರದಿ. ಮಾನ್ಯ ಸದಸ್ಯರು ನಿದ್ದೆ ಮಾಡಬಾರದು. ನಮ್ಮೆದುರಿಗೆ ಎರಡು ಮನೆಗಳಿವೆ. ಒಂದು, ನಿಮ್ಮ ಆಸ್ಪತ್ರೆ ಇರುವ ಊರಿನಲ್ಲಿ, ಆ ಮುದುಕಿಯ ಮನೆಯ ಹಿಂದಿನ ಎರಡು ಕೋಣೆ. (ಆ ಊರಿನ ಹೆಸರು ನನ್ನ ಬಾಯಲ್ಲಿ ನಿಲ್ಲುವುದಿಲ್ಲ, ಸಣ್ಣೂರು ಎಂದೇ ಕರೆಯುತ್ತೇನೆ.) ನೀವು ಕಣ್ಣಾರೆ ನೋಡಿದ್ದೀರಿ, ಅಡುಗೆಮನೆಯ ಕಿಟಕಿಯನ್ನು ನನಗೂ ತೋರಿಸಿದ್ದೀರಿ. ನಡೆದು ಡ್ಯೂಟಿಗೆ ಹೋಗಬಹುದು, ಬಾಡಿಗೆ ಕೊಟ್ಟ ಮೇಲೂ ಪಗಾರದಲ್ಲಿ ಅಕ್ಕಿ, ಎಣ್ಣೆ, ಬೆಚ್ಚಗಿನ ಬಟ್ಟೆಗೆ ಉಳಿಯುತ್ತದೆ. ಆದರೆ ಅಲ್ಲಿ ಕನ್ನಡದ ನರಪಿಳ್ಳೆ ಇಲ್ಲ. ಇನ್ನೊಂದು, ಡಬ್ಲಿನ್ ಶಹರದಲ್ಲಿ ಮಾಳಿಂಗ ಎಂಬ 'ನಮ್ಮವರು' ಕೊಡಿಸುವ ಮನೆ. ಬಾಡಿಗೆ ದುಬಾರಿ, ದಿನಾ ರೈಲಿನ ಖರ್ಚು ಬೇರೆ, ಮನೆಯನ್ನು ನೀವೂ ನೋಡಿಲ್ಲ, ಮಾಳಿಂಗ ಅವರನ್ನೂ ನೋಡಿಲ್ಲ. ಆದರೂ ನಿಮ್ಮ ಮನಸ್ಸು ಅದರ ಮೇಲೇ ಇದೆ, ಅದೂ ನನ್ನ ಸಲುವಾಗಿ. "ನಿನಗ ಮಾತಾಡಾಕ ಮಂದಿ ಬೇಕು. ಸಣ್ಣೂರಾಗ ಬಿಟ್ರ ನೀ ಗ್ವಾಡಿ ಕೂಡ ಮಾತಾಡ್ತಿ" ಎಂದಿರಿ. ಆ ಮಾತಿಗೆ ನಾನು ಎಷ್ಟು ಕರಗಿದ್ದೆನೆಂದರೆ ಆ ಹೊತ್ತಿಗೆ ಲೆಕ್ಕವೆಲ್ಲ ಮರೆತುಹೋಗಿತ್ತು.

ಆ ಮಾಳಿಂಗ ಅವರು ಸಿಕ್ಕ ಬಗೆ ನಿಮಗೆ ಗೊತ್ತು. ಮಾವ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕುಳಿತು ಬಂದವರನ್ನೆಲ್ಲ "ಐರ್ಲೆಂಡಿನ್ಯಾಗ ನಮ್ಮವ್ರು ಯಾರರೆ ಅದಾರೇನ್ರೀ?" ಎಂದು ಕೇಳಿದರು. ನೀವು ಸಿಂದಗಿಯ ಕಾಲೇಜಿಗೆ ಸೇರಿದಾಗಲೂ ಹೀಗೇ ಕೇಳಿದ್ದರಂತೆ. ಯಾರೋ ಒಂದು ನಂಬರು ಕೊಟ್ಟರು. ಆ ಮನುಷ್ಯ ಮೊದಲ ಫೋನಿನಲ್ಲೇ, ತನ್ನದು ಬಾಗೇವಾಡಿ ಕಡೆ ಹಿನ್ನೀರಿನಲ್ಲಿ ಮುಳುಗಿದ ಒಂದು ಹಳ್ಳಿ, ಅಪ್ಪ ಹೊಲ ಕಳಕೊಂಡು ಸೊಲ್ಲಾಪುರಕ್ಕೆ ಹೋದ, ಈಗ ಊರೂ ಇಲ್ಲ, ಊರಿನವರೂ ಇಲ್ಲ ಎಂದ. ಮಾವನ ಕಣ್ಣು ತುಂಬಿತು. "ಕಾಕಾರ, ನಮ್ಮ ಮಂದಿಗೆ ನಾವು ಆಗಲಿಲ್ಲಂದ್ರ ಮತ್ತ್ಯಾರು ಆಗಬೇಕ್ರಿ?" ಎಂದು ಅವನು ಕೇಳಿದಾಗ ಅತ್ತೆಯೂ ಸೆರಗಿಗೆ ಮೂಗು ಒರೆಸಿಕೊಂಡರು. ಆರು ತಿಂಗಳ ಬಾಡಿಗೆ, ಡಿಪಾಜಿಟ್ಟು ಎಲ್ಲ ಸೇರಿಸಿ ಪುಣೆಯಲ್ಲಿರುವ ಅವನ ತಮ್ಮನ ಖಾತೆಗೆ ಹಾಕಬೇಕಂತೆ. ಇಲ್ಲಿ ಕೊಟ್ಟ ಮರುದಿನ ಅಲ್ಲಿ ನಿಮ್ಮ ಕೈಗೆ ಕೀಲಿ.

ನಿನ್ನೆ ಸಂಜೆ ಅವನು ಮತ್ತೆ ಫೋನ್ ಮಾಡಿದ. ಎಳ್ಳಮಾವಾಸ್ಯೆ ಮುಗಿದು ಎರಡು ವಾರವೂ ಆಗಿಲ್ಲ. ಈ ಸಲವೂ ಎಲ್ಲರೂ ಹೊಲಕ್ಕೆ ಸಜ್ಜಿ ರೊಟ್ಟಿ, ಕಡುಬು, ಪಲ್ಯ ಒಯ್ದು, ಬೆಳೆಯ ನಡುವೆ ನಾಲ್ಕೂ ದಿಕ್ಕಿಗೆ ಆ ಊಟವನ್ನು ಭೂಮಿತಾಯಿಗೆಂದು ಚೆಲ್ಲಿ ಚರಗ ಮುಗಿಸಿ ಬಂದಿದ್ದೆವು. ನನಗೆ ಆಗ ಯಾವ ಸಂಶಯವೂ ಇರಲಿಲ್ಲ, ಬರೀ ನಾಲಿಗೆ ತುರಿಸುತ್ತಿತ್ತು. ಬಹಳ ಗಂಭೀರವಾಗಿ, "ಅಣ್ಣಾರ, ನಿಮ್ಮ ಕಡಿ ಚರಗ ಸಿಗತೈತೇನ್ರಿ? ಇಲ್ಲಂದ್ರ ನಾನ ಕಟ್ಟಿಗೊಂಡು ಬರ್ತೇನಿ" ಎಂದೆ. ಹಿನ್ನೀರಿಗೆ ಹೊಲ ಕೊಟ್ಟ ಮನೆಯ ಮಗ "ಏ ಹುಚ್ಚಿ, ಚರಗ ಯಾರರೆ ಮಾರ್ತಾರೇನು?" ಎಂದು ಬಯ್ಯಬೇಕಿತ್ತು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅವನು ಒಂದು ಗಳಿಗೆಯೂ ತಡೆಯದೆ, "ಸಿಗತೈತ್ರಿ ಅಕ್ಕಾರ, ಇಂಡಿಯನ್ ಅಂಗಡ್ಯಾಗ ಪ್ಯಾಕೆಟ್ ಇರತಾವು. ರೇಟ್ ಸ್ವಲ್ಪ ಜಾಸ್ತಿ" ಎಂದ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ನಗುತ್ತಲೇ ಒಳಗೆ ಹೋಗಿ ಒಲೆಯ ಮುಂದೆ ನಿಂತಾಗ ಆ 'ರೇಟ್' ಎಂಬ ಮಾತು ಮತ್ತೆ ಕಿವಿಗೆ ಬಂತು. ನಮ್ಮ ಮಾತನ್ನು ಯಾರು ಬೇಕಾದರೂ ಕಲಿಯಬಹುದು, ಒಂದು ವರ್ಷ ವಿಜಯಪುರದ ಸಂತೆಯಲ್ಲಿ ನಿಂತರೆ ಸಾಕು. ಮುಳುಗಿದ ಊರಿನ ಹೆಸರನ್ನೂ ಯಾರಾದರೂ ಹೇಳಬಹುದು, ನೀರಿನೊಳಗೆ ಇಳಿದು ವಿಚಾರಿಸುವವರು ಯಾರು? ಆದರೆ ಹೊಲದ ಬದುವಿನ ಮೇಲೆ ಕೂತು ಒಂದು ಸಲವಾದರೂ ಚರಗದ ಊಟ ಉಂಡವನು ಅದಕ್ಕೆ ರೇಟು ಹೇಳುವುದಿಲ್ಲ.

ಮಾವನಿಗೆ ಹೇಳಿದೆ. "ನೀ ಚ್ಯಾಷ್ಟಿ ಮಾಡಿದಿ, ಅವನೂ ಚ್ಯಾಷ್ಟಿ ಮಾಡಿದ. ನಿನ್ನ ತೂಕಕ್ಕ ಒಬ್ಬಾವ ಸಿಕ್ಕಾನ ನೋಡು" ಎಂದು ಖುಷಿಪಟ್ಟರು. ಊರು ಮುಳುಗಿದರೂ ಅವನ ಹಳ್ಳಿಯವರು ಎಲ್ಲಾದರೂ ನೆಲೆಸಿರಲೇಬೇಕಲ್ಲ, ಹುಡುಕಿ ಹೋಗಿ ಕೇಳೋಣ ಎಂದೆ. ಆಗ ಮಾತ್ರ ಅವರ ನಗು ನಿಂತಿತು. "ನೀರಾಗ ಊರು ಕಳಕೊಂಡವರ ಮಗ ಅದಾನ. ಅವನ ಕುಲಾ ಗೋತ್ರಾ ವಿಚಾರ್ಸಾಕ ಹೋಗ್ಬೇಕೇನು ನಾವು?" ಎಂದರು. ಅದು ಹಟವಲ್ಲ, ಅವರ ಮರ್ಯಾದೆಯ ರೀತಿ. ಅದಕ್ಕೇ ನನಗೆ ಇನ್ನೂ ಅಂಜಿಕೆ. ಅವನು ತಮಾಷೆಯನ್ನೇ ಮಾಡಿರಬಹುದು, ನನಗೂ ಖಾತ್ರಿ ಇಲ್ಲ. ಆದರೆ ಮುದ್ದೇಬಿಹಾಳದ ಪ್ಲಾಟು ಮಾರಿ ಬಂದ ಈ ಹಣ ಬಿಟ್ಟರೆ ನಮ್ಮ ಬೆನ್ನಿಗೆ ಬೇರೆ ಗಂಟೇನೂ ಇಲ್ಲ. ಕಣ್ಣು ಮುಚ್ಚಿದರೆ ಒಂದೇ ಚಿತ್ರ: ಎರಡು ಬ್ಯಾಗು ಹಿಡಿದು ನಾವಿಬ್ಬರೂ ಒಂದು ಬಾಗಿಲು ತಟ್ಟುತ್ತೇವೆ, ತೆರೆದವರು ನಮ್ಮನ್ನು ಯಾರೆಂದೇ ಅರಿಯರು, ಹೊರಗೆ ಮಳೆ. ಅಲ್ಲಿ ನಾನು ಯಾವ ನಗೆಚಾಟಿಕೆ ಹೇಳಲಿ, ಯಾವ ಭಾಷೆಯಲ್ಲಿ ಹೇಳಲಿ?

ಆದ್ದರಿಂದ ಹಣಕಾಸು ಖಾತೆಯ ನಿರ್ಣಯ: ಸಣ್ಣೂರು. ಅಲ್ಲಿ ನನ್ನ ಮಾತು ತಿಳಿಯುವವರಿಲ್ಲ ಎಂಬುದೂ ನನಗೆ ಭಯವೇ. ಇಂಡಿ ತಾಲೂಕಿನ ತವರುಮನೆಯಿಂದ ಇಷ್ಟು ಹತ್ತಿರ, ಈ ಮನಗೂಳಿಗೆ ಬಂದಾಗಲೇ ಒಂದು ತಿಂಗಳು ದಿಂಬಿನ ಕೂಡ ಮಾತಾಡಿದವಳು ನಾನು. ಆದರೂ ನೀವು ಕಣ್ಣಾರೆ ಕಂಡ ಗೋಡೆ ಇರಲಿ, ನಾನು ಅದರ ಕೂಡ ಮಾತಾಡುತ್ತೇನೆ. ಮುದುಕಿಗೆ ಇವತ್ತೇ ಒಪ್ಪಿಗೆ ಹೇಳಿ. ಕನ್ನಡ ಕಲಿಸಿ ಅವಳ ತಲೆ ತಿನ್ನುವ ಹೊಣೆ ನನ್ನದು.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಜೊತೆಗೆ ಉಗುರುಬೆಚ್ಚಗಿನ ನೀರನ್ನೇ ಕುಡಿಯಬೇಕೆಂಬ ಆಜ್ಞೆಯನ್ನೂ. ಮಾವ ಆಶೀರ್ವಾದದ ಮೇಲೆ ಒಂದು ಕೆಮ್ಮು ಸೇರಿಸಿದ್ದಾರೆ. ಇಷ್ಟನ್ನೂ ತಲೆಬಾಗಿ ಪಡೆಯಬೇಕು.

ಇತಿ, ಈ ಸಲ ನಿಜವಾಗಿಯೂ ಗಂಭೀರಳಾದ,
ನಿಮ್ಮ ವಿದ್ಯಾ

ತಾ.ಕ.: ನಾಳೆ ಸೋಮವಾರ ಬ್ಯಾಂಕು ತೆರೆದ ಕೂಡಲೇ ಮಾವ ಹಣ ಹಾಕಲು ಹೊರಟಿದ್ದಾರೆ. ಅವರ ಚೆಕ್ ಬುಕ್ಕನ್ನು ನಾನು ಬಚ್ಚಿಟ್ಟಿದ್ದೇನೆ, ರೊಟ್ಟಿಯ ಡಬ್ಬಿಯ ತಳದಲ್ಲಿ. ಇದೂ ನನ್ನದೊಂದು ಆಟ ಎಂದುಕೊಂಡು ಇಬ್ಬರೂ ನಗುನಗುತ್ತ ಮನೆಯೆಲ್ಲ ಹುಡುಕುತ್ತಿದ್ದಾರೆ, "ಹೇಳ್ ಹುಡುಗಿ, ಎಲ್ಲಿಟ್ಟಿ?" ಎಂದು ಮಾವ ಈಗಷ್ಟೇ ಹಿತ್ತಿಲಿಗೆ ಬಂದು ಹೋದರು. ಅತ್ತೆ ಇನ್ನು ಊಟಕ್ಕೆ ಬಡಿಸಲು ಏಳುತ್ತಾರೆ, ಮೊದಲು ಕೈ ಹಾಕುವುದೇ ರೊಟ್ಟಿಯ ಡಬ್ಬಿಗೆ. ನನ್ನ ಮಾತು ನಂಬುವುದಿಲ್ಲ, ನಿಮ್ಮದು ನಂಬುತ್ತಾರೆ. ಅವರು ನಗುತ್ತಿರುವಾಗಲೇ ಫೋನ್ ಮಾಡಿ.