ರದ್ದುಪಡಿಸಿದ್ದು ಯಾರು?

ಕಂಪ್ಲಿ
೧೫ ಜುಲೈ ೨೦೨೪

ಅಪ್ಪಾಜಿಗೆ ಕಾವ್ಯಳ ನಮಸ್ಕಾರ.

ನಿನ್ನೆ ಅಮ್ಮ ಬಂದಿದ್ದಳು. ಹೊಸಪೇಟೆಯಿಂದ ಬಸ್ಸಿನಲ್ಲಿ ನಿಂತೇ ಬಂದಳಂತೆ. ಕೂಡುವ ಮೊದಲೇ ಸೆರಗಿನ ಗಂಟು ಬಿಚ್ಚಿ ನಿಮ್ಮ ಚೀಟಿ ಕೊಟ್ಟಳು. "ಎರಡು ವರ್ಷದ ಹಿಂದೆ ನೀಡಿದ ಆದೇಶವನ್ನು ರದ್ದುಪಡಿಸಲಾಗಿದೆ. ಮನೆಗೆ ಬರುವುದು." ಕೆಳಗೆ ಸಹಿ, ದಿನಾಂಕ. ಸೀಲು ಒಂದು ಬಾಕಿ. ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು.

ಮೂವತ್ತು ವರ್ಷ ಕಚೇರಿಯಲ್ಲಿ ಆದೇಶ ಬರೆದವರು ನೀವು. ಊಟಕ್ಕೆ ಕೂತಾಗ ನನಗೂ ಪಾಠ ಆಗುತ್ತಿತ್ತು. ರದ್ದುಪಡಿಸುವುದನ್ನು ಮೇಲಿನವರು ಯಾರಾದರೂ ಮಾಡಬಹುದು. ಹಿಂಪಡೆಯುವುದು ಮಾತ್ರ ಹೊರಡಿಸಿದವನ ಕೆಲಸ, ಅವನೇ ತಪ್ಪು ಒಪ್ಪಿಕೊಂಡ ಹಾಗೆ ಅನ್ನುತ್ತಿದ್ದಿರಿ. ಕೊನೆಗೊಂದು 'ಲಾಗಿದೆ' ಸೇರಿಸಿಬಿಟ್ಟರೆ ಮಾಡಿದವನ ಹೆಸರೇ ಬೇಕಾಗುವುದಿಲ್ಲ ಎಂದು ನಗುತ್ತಿದ್ದವರೂ ನೀವೇ.

ಆ ದಿನ ನೀವು 'ಲಾಗಿದೆ' ಅನ್ನಲಿಲ್ಲ ಅಪ್ಪಾಜಿ. ಸಂಡೂರಿನಲ್ಲಿ ಗಂಡನನ್ನು ಬಿಟ್ಟು, ಒಂದು ಬ್ಯಾಗು ಹಿಡಿದು ಬಂದವಳು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ನಾನು ಹೇಳಾಕತ್ತೀನಿ, ಒಳಗ ಬರಬ್ಯಾಡ. ಗಂಡನ ಮನಿಗೆ ಹೋಗು" ಅಂದಿರಿ.

ಆ 'ನಾನು' ಎಷ್ಟು ಸ್ಪಷ್ಟವಾಗಿತ್ತು! ಅಡುಗೆಮನೆಯಲ್ಲಿ ಅಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದು ಬಾಗಿಲಲ್ಲಿ ನಿಂತ ನನಗೂ ಗೊತ್ತಾಯಿತು.

ನಾನು ಹೋದೆ. ನಿಮ್ಮ ಮಾತು ಮೀರಿ ಗೊತ್ತಿರಲಿಲ್ಲ. ಮೂರು ತಿಂಗಳು ಅಲ್ಲಿದ್ದೆ, ಆಮೇಲೆ ಇಲ್ಲಿಗೆ ಬಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಕೆಲಸ ಹಿಡಿದೆ. ಆ ಮೂರು ತಿಂಗಳು ಹೇಗಿದ್ದೆ ಎಂದು ಅಮ್ಮ ಕೇಳಿದಾಗಲೆಲ್ಲ ಚೆನ್ನಾಗಿಯೇ ಇದ್ದೆ ಅಂದಿದ್ದೇನೆ. ನಿಮಗೂ ಅದನ್ನೇ ಬರೆಯಬೇಕೆಂದು ಕೂತಿದ್ದೆ.

ಮನೆ ನೆನಪಾಗುತ್ತದೆ. ಬರಬೇಕೆಂಬ ಆಸೆ ನನಗೂ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಈ ಚೀಟಿ ನೋಡಿ ಬರಲಾರೆ. ಬರುವ ಭಾನುವಾರ ನೀವೇ ಕಂಪ್ಲಿಗೆ ಬನ್ನಿ. ಹೋಗು ಅಂದ ಬಾಯಿಂದಲೇ 'ನಾನು ಹಿಂಪಡೆದೆ' ಅನ್ನಿ. ಕಾಗದ ಬೇಡ, ಸಹಿ ಬೇಡ. ಅಷ್ಟು ಅಂದರೆ, ವಾಪಸು ಬಸ್ಸಿಗೆ ನಿಮ್ಮ ಜೊತೆಯೇ ಹತ್ತುತ್ತೇನೆ.

ಇನ್ನೂ ನಿಮ್ಮ ಮಗಳೇ ಆಗಿರುವ,
ಕಾವ್ಯ

ತಾ.ಕ.: ಬಂದಾಗ ನನ್ನ ಬಲಗಡೆ ಕೂತು ಹೇಳಿ. ಆ ಮೂರು ತಿಂಗಳಲ್ಲಿ ಒಂದು ದಿನ ಅವನ ಏಟಿಗೆ ಎಡಗಿವಿ ಹೋಯಿತು. ಅಮ್ಮನಿಗೆ ಗೊತ್ತಿಲ್ಲ. ನಿನ್ನೆಯೂ ಎಡಗಡೆಯೇ ಕೂತು ಏನೇನೋ ಹೇಳುತ್ತಿದ್ದಳು. ಹೂಂ, ಹೂಂ ಅಂದೆ.