ಕಸದ ಪಂದಲಿಗೆ ಮುಯ್ಯಿ

ಕಂಬಂ
ಅಕ್ಟೋಬರ್ 28, 2025

ಮುದ್ದಿನ ಮಗಳು ಮಣಿಮೇಗಲೈಗೆ,

ಮೊದಲು ಊಟ ಮಾಡು, ಆಮೇಲೆ ಓದು. ಹಸಿದ ಹೊಟ್ಟೆಯಲ್ಲಿ ನಿನಗೆ ಕೋಪ ಜಾಸ್ತಿ.

ಆಡಿ ತಿಂಗಳ, ಆಷಾಢದ ಗಾಳಿ ನಿನ್ನ ಪಂದಲನ್ನು, ನೀನು ಕಟ್ಟಿದ ಆ ಚಪ್ಪರವನ್ನು ಕಿತ್ತೊಗೆದ ಮೇಲೆ, ನೀನು ಇನ್ನು ಅದರ ಸುದ್ದಿ ಎತ್ತಬೇಡ ಎಂದು ಹೇಳಿ ದಿಂಡಿಗಲ್ಲಿನ ಬೀಗದಂಗಡಿಗೆ ಕೆಲಸಕ್ಕೆ ಹೋದೆ. ನಾನು ಎತ್ತಿದ್ದೇನೆ. ನೀನು ಹಾಳು ಬಿದ್ದ ದ್ರಾಕ್ಷಿ ತೋಟದ ಕಲ್ಲುಕಂಬಗಳ ಮೇಲೆ ಹರಿದ ನೀರಿನ ಪೈಪುಗಳನ್ನು ಬಳ್ಳಿಯಾಗಿ ಹಬ್ಬಿಸಿ, ಹಳೆ ಸೀರೆಯಲ್ಲಿ ಎಲೆ, ಖಾಲಿ ಬಾಟಲಿಯಲ್ಲಿ ಗೊಂಚಲು ಮಾಡಿದ್ದೆ. ಒಳಗೆ ನಡೆದಾಡಿದರೆ ತಲೆಯ ಮೇಲೆ ಬಾಟಲಿಗಳು ಗುಂಯ್ ಎನ್ನುತ್ತಿದ್ದವು. ನನಗೆ ಅದು ಮತ್ತೆ ಬೇಕು. ಸಂಕ್ರಾಂತಿಗೆ ತೈ ತಿಂಗಳು ಹುಟ್ಟುವುದರೊಳಗೆ ಪಂದಲು ಎದ್ದು ನಿಲ್ಲದಿದ್ದರೆ ಕಂಬ ಕಿತ್ತು ಬಾಳೆ ಹಾಕುತ್ತೇನೆಂದು ಜಮೀನಿನ ಯಜಮಾನ ತಂಗವೇಲಣ್ಣ ಹೇಳಿಬಿಟ್ಟಿದ್ದಾರೆ.

ಕೈಯಲ್ಲಿ ಕಾಸಿಲ್ಲ. ಆದರೆ ಊರವರ ಮದುವೆ, ಕಿವಿ ಚುಚ್ಚುವುದು, ಮನೆ ಹೊಗುವುದು, ಯಾವುದಕ್ಕೂ ಮುಯ್ಯಿ ಹಣ ಹಾಕುವುದನ್ನು ತಪ್ಪಿಸಿದವಳಲ್ಲ ನಾನು. ನಮ್ಮ ಮನೆಯಲ್ಲಿ ವಿಶೇಷ, ಶುಭಕಾರ್ಯ ಏನೂ ನಡೆಯದೆ ಅದು ತಿರುಗಿ ಬರುವುದು ಹೇಗೆ? ಹಾಗಾಗಿ ಪಂದಲಿಗೇ ಒಂದು ವಿಶೇಷ ಇಟ್ಟೆ. ಕರೆಯುವ ಕಾರ್ಡಿನಲ್ಲಿ ನಿನ್ನ ಹೆಸರು ಹಾಕಿಸಿದ್ದೇ ತಪ್ಪಾಯಿತು, ಎಲ್ಲರೂ ನಿನ್ನ ನಿಶ್ಚಿತಾರ್ಥವೆಂದು ರೇಷ್ಮೆ ಉಟ್ಟು ಬಂದರು. ಮಾಪಿಳ್ಳೆ ಎಲ್ಲಿ, ಮದುವೆ ಗಂಡು ಎಲ್ಲಿ ಎಂದು ಕಮಲಮ್ಮಾಳ್ ಅತ್ತೆ ಕೇಳಿದಾಗ ಎತ್ತರದ ಕಲ್ಲುಕಂಬವೊಂದನ್ನು ತೋರಿಸಿದೆ. ನಕ್ಕರು, ಬೈದರು, ಉಂಡರು. ಮುಯ್ಯಿ ಹಾಕದೆ ಮಾತ್ರ ಒಬ್ಬರೂ ಹೋಗಲಿಲ್ಲ.

ನಿನ್ನ ಕೆಲಸವನ್ನು ಕುಪ್ಪೆ, ಬರೀ ಕಸ ಎಂದು ಹೀಯಾಳಿಸುತ್ತಿದ್ದ ನನ್ನ ತಮ್ಮ, ನಿನ್ನ ರಂಗಸಾಮಿ ಮಾಮನೂ ಮೇಳದೊಂದಿಗೆ ಬಂದ. ವಿಶೇಷಕ್ಕೆ ಸೋದರಮಾವ ತರಬೇಕಾದ ಉಡುಗೊರೆಯ ಸೀರು ತಪ್ಪಿಸುವುದುಂಟೆ? ತಟ್ಟೆಗಳ ಮೇಲಿನ ಬಟ್ಟೆ ಸರಿಸಿದರೆ ಹಣ್ಣಿಲ್ಲ, ಸೀರೆಯಿಲ್ಲ. ಹಳೆ ಪೈಪು, ಹರಿದ ಹಕ್ಕಿಬಲೆ, ಬಾಟಲಿ, ಎಲ್ಲಕ್ಕೂ ಅರಿಶಿನ ಕುಂಕುಮ. ಕುಪ್ಪೆಗೆ ಕುಪ್ಪೆಯೇ ಸೀರು ಅಕ್ಕಾ, ಕೂಸು ಬಂದು ಕಟ್ಲಿ ಎಂದ. ಅವನ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅವನು ತೊಟ್ಟಿಲಲ್ಲಿದ್ದಾಗ ಬಿಟ್ಟರೆ ಈಗಲೇ.

ಗಾಳಿ ಮತ್ತೆ ಬೀಸುತ್ತದೆ ಎನ್ನುತ್ತೀಯ. ಬೀಸಲಿ ಮಗಳೇ, ಗಾಳಿಗೆ ಹೆದರಿ ಈ ಕಣಿವೆಯಲ್ಲಿ ಯಾರೂ ಬಳ್ಳಿ ನೆಡದೆ ಕೂತಿಲ್ಲ. ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ಮುತ್ತುಸೆಲ್ವಿ

ಇನ್ನೊಂದು ಮಾತು: ಯಾರ ಹೆಸರಿಗೆ ಮುಯ್ಯಿ ಬರೆಯುವುದು ಎಂದು, ಮುಯ್ಯಿ ಲೆಕ್ಕ ಕೂಗುವ ಮೈಕಿನವರು ಕೇಳಿದರು. ನಿನ್ನಪ್ಪ ತೀರಿಹೋದ ಮೇಲೂ ನಮ್ಮ ಮನೆಯ ಮುಯ್ಯಿ ಅವರ ಹೆಸರಲ್ಲೇ ನಡೆಯುತ್ತಿತ್ತು. ನಾನು ನಿನ್ನ ಹೆಸರು ಹೇಳಿದೆ, ಊರಿಗೆಲ್ಲ ಕೇಳಿಸುವಂತೆ ಕೂಗಿಯೂ ಆಯಿತು. ಇನ್ನು ಅಷ್ಟೂ ಮನೆಗಳ ವಿಶೇಷಕ್ಕೆ ಹೋಗಿ ಮುಯ್ಯಿ ತೀರಿಸಬೇಕಾದವಳು ನೀನು. ಪಂದಲು ಕಟ್ಟುವುದು ಬಿಡುವುದು ನಿನ್ನಿಷ್ಟ, ಊರಿಗೆ ಬರದೆ ಮಾತ್ರ ನಿನಗೆ ವಿಧಿಯಿಲ್ಲ.